ಮಡಕೆಯ ಬೆಲೆ, ಮಾಡಿದವಳ ಬೆಲೆ

(ಮಹಿಳಾ ಸ್ವಸಹಾಯ ಸಂಘಗಳ ತಾಲ್ಲೂಕು ಮಟ್ಟದ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಮಣ್ಣಿನ ಸಾಮಾನು ಮಾಡಿ ಮಾರುವುದು ಹೇಗೆ ಎಂದು ಹೇಳಿಕೊಡಿ ಅಂತ ನನ್ನನ್ನು ಕರೆದಿದ್ದೀರಿ. ಹೇಳುತ್ತೇನೆ. ಆದರೆ ವರದಕ್ಷಿಣೆ, ಹೊಡೆತ ಬಡಿತದ ವಿರುದ್ಧ ಸೇರಿದ ಸಭೆಯಲ್ಲಿ ಮಡಕೆಯ ಮಾತು ಯಾಕೆ ಎಂದು ಕೆಲವರು ಕೇಳಬಹುದು. ಕಾರಣ ಇದೆ. ಹೆಣ್ಣು ಮಾಡುವ ಕೆಲಸಕ್ಕೆ ಬೆಲೆ ಕಟ್ಟದ ಮನೆಯಲ್ಲೇ ಹೆಣ್ಣಿಗೂ ಬೆಲೆ ಇಲ್ಲ. ಅವಳು ಹೊರೆ, ಆ ಹೊರೆ ಹೊತ್ತುಕೊಳ್ಳಲು ದುಡ್ಡು ಕೊಡಿ ಎನ್ನುವುದೇ ವರದಕ್ಷಿಣೆ. ಹಾಗಾದರೆ ಅವಳು ನಿಜಕ್ಕೂ ಹೊರೆಯೇ? ಒಂದು ಮಡಕೆಯ ಲೆಕ್ಕ ಹಾಕಿ ನೋಡೋಣ.

ಕುಂಬಾರರ ಮನೆಯಲ್ಲಿ ಕೆರೆಯಿಂದ ಮಣ್ಣು ಹೊತ್ತು ತರುವವರು ಯಾರು? ಒಣಗಿಸಿ, ಕುಟ್ಟಿ, ಕಲ್ಲು ಬೇರು ಆರಿಸಿ, ಜರಡಿ ಹಿಡಿಯುವವರು ಯಾರು? ನೆನೆಹಾಕಿ, ಮರಳು ಬೆರೆಸಿ, ತುಳಿದು ಹದ ಮಾಡುವವರು ಯಾರು? ಕೆಮ್ಮಣ್ಣು ಬಳಿಯುವುದು, ಉಜ್ಜಿ ಹೊಳಪು ಕೊಡುವುದು, ಬಿಸಿಲು ನೋಡಿ ಒಳಗೆ ಹೊರಗೆ ಇಡುವುದು, ಬೆರಣಿ ಸೌದೆ ಕೂಡಿಸುವುದು, ಬುಟ್ಟಿ ಹೊತ್ತು ಸಂತೆಗೆ ಹೋಗುವುದು, ಇವೆಲ್ಲ ಹೆಚ್ಚಿನ ಪಾಲು ಹೆಂಗಸರದೇ. ಆದರೆ ತಿಗರಿಯ ಮುಂದೆ ಕೂರುವುದು ಗಂಡಸು. ಹೆಂಗಸು ತಿಗರಿ ಮುಟ್ಟಬಾರದು ಎಂಬ ಕಟ್ಟಳೆ ಅನೇಕ ಕಡೆ ಇತ್ತು, ಕೆಲವು ಕಡೆ ಈಗಲೂ ಇದೆ. ತಿಗರಿ ತಿರುಗಿಸಿದವನು ಕುಂಬಾರ, ಉಳಿದದ್ದನ್ನೆಲ್ಲ ಮಾಡಿದವಳು ಕುಂಬಾರನ ಹೆಂಡತಿ.

ಹನ್ನೆರಡನೆಯ ಶತಮಾನದ ಶರಣೆ ಕೇತಲದೇವಿಯ ಹೆಸರನ್ನು ನೀವು ಕೇಳಿರಬಹುದು. ಕುಂಬಾರ ಗುಂಡಯ್ಯನವರ ಪುಣ್ಯಸ್ತ್ರೀ ಕೇತಲದೇವಿ ಎಂದೇ ವಚನ ಸಂಪುಟಗಳಲ್ಲಿ ಆಕೆಯ ಹೆಸರು ಅಚ್ಚಾಗಿದೆ. ಸ್ವಂತ ವಚನ ಬರೆದವಳು, ಆದರೂ ಗಂಡನ ಹೆಸರಿನ ಹಿಂದೆಯೇ ಗುರುತು. ಆಕೆಯ ಹೆಸರಿನಲ್ಲಿ ಉಳಿದು ಬಂದ ವಚನ ಮಾತಾಡುವುದು ಹದಗೊಂಡ ಮಣ್ಣಿನ ಬಗ್ಗೆ. ಮಣ್ಣು ತುಳಿದವಳಿಗೇ ಗೊತ್ತಿರುವ ಮಾತು ಅದು.

ಈಗ ನಮ್ಮ ಕೆಲಸದ ವಿಷಯಕ್ಕೆ ಬರುತ್ತೇನೆ. ನಾವು ಐದು ಜನ ಹೆಂಗಸರು ಸೇರಿ ಒಂದು ಸಣ್ಣ ಶೆಡ್ಡಿನಲ್ಲಿ ಕೆಲಸ ಮಾಡುತ್ತೇವೆ. ಇಬ್ಬರು ಕುಂಬಾರ ಮನೆತನದವರು, ಮೂವರು ಬೇರೆ. ಕಲಿಯುವುದಕ್ಕೆ ಜಾತಿ ಬೇಕಿಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯಿದೆ. ಮೋಟಾರು ತಿಗರಿ ಬಂದ ಮೇಲೆ ಕೋಲು ಹಾಕಿ ಚಕ್ರ ತಿರುಗಿಸುವ ತೋಳಿನ ಬಲವೂ ಬೇಕಾಗಿಲ್ಲ. ಹೆಂಗಸಿಗೆ ಆಗದು ಎನ್ನಲು ಇದ್ದ ಕೊನೆಯ ನೆಪವೂ ಹೋಯಿತು.

ಕೆಲಸದಲ್ಲಿ ಎರಡು ಕಡೆ ಅವಸರ ಸಲ್ಲದು. ಮೊದಲನೆಯದು ಒಣಗಿಸುವುದು. ಮಣ್ಣು ಒಣಗುತ್ತಾ ಕುಗ್ಗುತ್ತದೆ. ಬಾಯಿ ಬೇಗ ಒಣಗಿ ತಳ ಹಸಿಯಾಗಿದ್ದರೆ ಸೀಳು ಬಿಡುತ್ತದೆ. ಅದಕ್ಕೇ ನೆರಳು, ಅದಕ್ಕೇ ಒದ್ದೆ ಗೋಣಿ. ಎರಡನೆಯದು ಬೆಂಕಿ. ಕೈಗೆ ಒಣಗಿದಂತೆ ಕಂಡರೂ ಮಡಕೆಯೊಳಗೆ ನೀರಿರುತ್ತದೆ. ನೂರು ಡಿಗ್ರಿಯ ಹೊತ್ತಿಗೆ ಅದು ಹಬೆಯಾಗಿ ಹೊರಬರಬೇಕು. ಅವಸರದಲ್ಲಿ ಉರಿ ಏರಿಸಿದರೆ ಹಬೆಗೆ ದಾರಿ ಸಾಲದೆ ಮಡಕೆ ಸಿಡಿಯುತ್ತದೆ. ಮಣ್ಣಿನ ಕಣದಲ್ಲೇ ಸೇರಿಕೊಂಡ ನೀರು ಬಿಡುವುದು ಐನೂರು ಆರುನೂರು ಡಿಗ್ರಿಯ ಸುಮಾರಿಗೆ. ಆಮೇಲೆಯೇ ಅದು ನೀರಿಗೆ ಕರಗದ ಮಡಕೆ. ಅಲ್ಲಿಯವರೆಗೆ ಬರಿ ಒಣಮಣ್ಣು. ಆದ್ದರಿಂದ ಮೊದಲ ಕೆಲವು ಗಂಟೆ ಸಣ್ಣ ಉರಿ. ಆವಿಗೆ ಪೂರ್ತಿ ಆರುವ ತನಕ ತೆಗೆಯಬೇಡಿ.

ಇನ್ನೊಂದು ಎಚ್ಚರಿಕೆ. ಹೊಳಪಿಗೆಂದು ಸಿಕ್ಕ ಸಿಕ್ಕ ಗ್ಲೇಜು ಬಳಿಯಬೇಡಿ. ಸೀಸ ಬೆರೆತ ಗ್ಲೇಜು ಹಚ್ಚಿದ ಪಾತ್ರೆಯಲ್ಲಿ ಹುಳಿ ಸಾರು, ಉಪ್ಪಿನಕಾಯಿ ಇಟ್ಟರೆ ಸೀಸ ಅದರೊಳಗೆ ಇಳಿಯುತ್ತದೆ. ಅದು ವಿಷ, ಮಕ್ಕಳಿಗಂತೂ ಬಹಳ ಕೆಟ್ಟದ್ದು. ಅಡುಗೆ ಪಾತ್ರೆಗೆ ಕೆಮ್ಮಣ್ಣು ಮತ್ತು ಉಜ್ಜುಗಲ್ಲಿನ ಹೊಳಪೇ ಸಾಕು.

ಈಗ ಬೆಲೆ. ಲೆಕ್ಕಕ್ಕೆ ನೂರು ಮಡಕೆಯ ಒಂದು ಆವಿಗೆ ಎಂದಿಟ್ಟುಕೊಳ್ಳಿ. ಮಣ್ಣು ಮರಳಿಗೆ 1,000 ರೂಪಾಯಿ, ಸೌದೆಗೆ 1,500, ಗಾಡಿ ಬಾಡಿಗೆ 1,000, ಸಂತೆಯ ಸುಂಕ ಮತ್ತು ಹುಲ್ಲು ಕಾಗದಕ್ಕೆ 500. ಒಟ್ಟು 4,000. ಮಾರಿದ್ದು ಮಡಕೆಗೆ 60ರಂತೆ. ಒಡೆದದ್ದು, ಸೀಳಿದ್ದು ಹನ್ನೆರಡು ಹೋಗಲಿ, ಉಳಿದ 88ಕ್ಕೆ ಬಂದದ್ದು 5,280. ಖರ್ಚು ಕಳೆದು 1,280 ಲಾಭ ಎಂದು ಮನೆಯವರು ಎಣಿಸುತ್ತಾರೆ. ಆದರೆ ಇಬ್ಬರು ಹೆಂಗಸರು ಆರು ದಿನ ದುಡಿದದ್ದು ಎಲ್ಲಿ ಹೋಯಿತು? ಹನ್ನೆರಡು ಆಳಿನ ಕೂಲಿ, ದಿನಕ್ಕೆ 400ರಂತೆ ಹಿಡಿದರೂ 4,800. ಅದನ್ನು ಸೇರಿಸಿದರೆ ಅಸಲೇ 8,800. ಅಂದರೆ 88 ಮಡಕೆಗೆ ತಲಾ 100 ರೂಪಾಯಿ. ಅರವತ್ತಕ್ಕೆ ಮಾರಿದವರು ಲಾಭ ಮಾಡಲಿಲ್ಲ, ಹೆಂಗಸರ ಕೂಲಿಯನ್ನು ಗಿರಾಕಿಗೆ ಪುಕ್ಕಟೆ ಕೊಟ್ಟರು.

ಮನೆ ಹೆಂಗಸಿಗೆ ಎಂಥ ಕೂಲಿ ಎನ್ನುತ್ತಾರೆ. ಅಕ್ಕಂದಿರೇ, ಇಡೀ ಅನ್ಯಾಯ ಇರುವುದು ಆ ಒಂದು ಮಾತಿನಲ್ಲೇ. ಲೆಕ್ಕದ ಪುಸ್ತಕದಲ್ಲಿ ನಿಮ್ಮ ಕೂಲಿಯ ಸಾಲನ್ನು ಮೊದಲು ಬರೆಯಿರಿ. ನೂರಕ್ಕೆ ಮಡಕೆ ಹೋಗದಿದ್ದರೆ ಬೇರೆ ಸಾಮಾನು ಮಾಡಿ, ಕೂಲಿಯನ್ನು ಮಾತ್ರ ಅಳಿಸಬೇಡಿ.

ಏನು ಹೋಗುತ್ತದೆ? ಬೇಸಿಗೆಗೆ ನೀರಿನ ಹೂಜಿ, ಗುಡಾಣ. ದೀಪಾವಳಿಗೆ, ಕಾರ್ತಿಕಕ್ಕೆ ಹಣತೆ. ಗೌರಿ ಗಣೇಶನ ಹಬ್ಬಕ್ಕೆ ಮಣ್ಣಿನ ಮೂರ್ತಿ. ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿ ಬೇಡವೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಹೊರಡಿಸಿದ ಮಾರ್ಗಸೂಚಿ ಹೇಳಿದೆ, ಹಾಗಾಗಿ ಮಣ್ಣಿನ ಮೂರ್ತಿಯನ್ನು ಕೇಳಿಕೊಂಡು ಬರುವವರಿದ್ದಾರೆ. ಪಟ್ಟಣದವರು ಮೊಸರಿನ ಕುಡಿಕೆ, ಮೀನು ಸಾರಿನ ಗಡಿಗೆ, ಹೂವಿನ ಕುಂಡ ಕೇಳುತ್ತಾರೆ. ದೊಡ್ಡ ಆರ್ಡರು ಬಂದರೆ ಅರ್ಧ ಮುಂಗಡ ತೆಗೆದುಕೊಳ್ಳಿ. ದಾರಿಯಲ್ಲಿ ಒಡೆದರೆ ಯಾರ ಹೊಣೆ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ನಮ್ಮಲ್ಲಿ ಒಬ್ಬ ಅಂಗಡಿಯವರು ಇನ್ನೂರು ಕುಂಡ ಇಳಿಸಿಕೊಂಡು, ಮಾರಿದ ಮೇಲೆ ಕೊಡುತ್ತೇನೆ ಎಂದು ಆರು ತಿಂಗಳು ಅಲೆಸಿದರು. ಐದು ಜನವೂ ಹೋಗಿ ಅಂಗಡಿ ಮುಂದೆ ಕೂತೆವು, ಅಂದೇ ಕೊಟ್ಟರು. ಒಬ್ಬಳೇ ಹೋದಾಗ ಸಿಗದ ದುಡ್ಡು ಅದು.

ಇಷ್ಟು ಮಾರಾಟದ ಮಾತು. ಈಗ ಕೇಳುತ್ತೇನೆ, ಮಾರಿದ ದುಡ್ಡು ಯಾರ ಕೈ ಸೇರಿತು?

1992ರಲ್ಲಿ ನಬಾರ್ಡ್ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿತು. ನಮ್ಮ ರಾಜ್ಯದಲ್ಲಿ 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂತು. ಹೆಣ್ಣು ಸಂಪಾದಿಸಿದರೆ ಹೊಡೆತ ನಿಲ್ಲುತ್ತದೆ ಎಂದು ಎಲ್ಲ ವೇದಿಕೆಯಲ್ಲೂ ಹೇಳಿದರು. ಅದು ಅರ್ಧ ಸತ್ಯ. ನಮ್ಮ ಶೆಡ್ಡಿಗೆ ಸೇರಿದ ಒಬ್ಬ ತಂಗಿಯ ಮಾತು ಹೇಳುತ್ತೇನೆ, ಹೆಸರು ಬೇಡ ಎಂದಿದ್ದಾಳೆ. ಮದುವೆಯಾಗಿ ಎರಡು ವರ್ಷ. ಮದುವೆಯಲ್ಲಿ ಒಪ್ಪಿಕೊಂಡ ಬೈಕು ಕೊಟ್ಟಿಲ್ಲ ಎಂದು ಅತ್ತೆ ಮನೆಯಲ್ಲಿ ದಿನವೂ ಚುಚ್ಚು ಮಾತು, ಆಗಾಗ ಏಟು. ಅವಳ ಕೈಗೆ ತಿಂಗಳಿಗೆ ಒಂದಿಷ್ಟು ದುಡ್ಡು ಬರತೊಡಗಿದ ಮೇಲೆ ಬೇಡಿಕೆ ನಿಲ್ಲಲಿಲ್ಲ, ದಿಕ್ಕು ಬದಲಿಸಿತು. ತವರಿನಿಂದ ತರದಿದ್ದರೆ ಬೇಡ, ಸಂಘದಿಂದ ಸಾಲ ಎತ್ತಿ ಬೈಕು ಕೊಡಿಸು ಎಂದರು. ಸಾಲದ ಕಂತು ಅವಳ ಮಡಕೆಯಿಂದ, ಬೈಕು ಅವನ ಹೆಸರಿಗೆ. ಕಂತಿನಲ್ಲಿ ಕಟ್ಟುವ ವರದಕ್ಷಿಣೆ ಎಂದರೆ ಇದೇ.

ಸಂಘ ಸಾಲ ಕೊಡಲಿಲ್ಲ. ಅವಳ ಮೇಲೆ ಸಿಟ್ಟು ಬರದಿರಲಿ ಎಂದು ಸಂಘವೇ ಠರಾವು ಬರೆದು, ವಾಹನಕ್ಕೆ ಸಾಲವಿಲ್ಲ ಎಂದು ಅವರ ಮನೆಗೆ ಹೋಗಿ ಹೇಳಿತು. ಆದರೂ ಏಟು ನಿಲ್ಲದಿದ್ದಾಗ ಅವಳು ರಕ್ಷಣಾಧಿಕಾರಿಯ ಹತ್ತಿರ ದೂರು ಬರೆಸಿದಳು, ನಾವು ಜೊತೆಗೆ ಹೋದೆವು. ಮ್ಯಾಜಿಸ್ಟ್ರೇಟರು ಅವಳನ್ನು ಮನೆಯಿಂದ ಹೊರಹಾಕಬಾರದು, ಮೈಮೇಲೆ ಕೈ ಮಾಡಬಾರದು ಎಂದು ಆದೇಶ ಕೊಟ್ಟರು. ಇವತ್ತಿಗೂ ಆ ಮನೆಯಲ್ಲಿ ಯಾರೂ ಅವಳ ಹತ್ತಿರ ನೆಟ್ಟಗೆ ಮಾತಾಡುವುದಿಲ್ಲ. ಆದರೆ ಯಾರೂ ಕೈ ಎತ್ತುವುದಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಶೆಡ್ಡಿಗೆ ಬರುತ್ತಾಳೆ.

ಕಾನೂನನ್ನು ನಾಲ್ಕು ಮಾತಿನಲ್ಲಿ ನೆನಪಿಡಿ. ವರದಕ್ಷಿಣೆ ನಿಷೇಧ ಕಾಯ್ದೆ 1961ರದು. ಕೇಳುವುದೂ, ತೆಗೆದುಕೊಳ್ಳುವುದೂ, ಕೊಡುವುದೂ ಅಪರಾಧ. ಗಂಡ ಮತ್ತು ಅವನ ಕಡೆಯವರ ಕ್ರೌರ್ಯಕ್ಕೆ 1983ರಲ್ಲಿ ಬಂದ 498ಎ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಾಗಿದೆ. ನಂಬರು ಬದಲಾಗಿದೆ, ಅಪರಾಧ ಅದೇ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಎಲ್ಲ ಧರ್ಮದ ಹೆಂಗಸರಿಗೂ ಅನ್ವಯ. ಏಟು ಮಾತ್ರವಲ್ಲ, ದುಡ್ಡು ಕಿತ್ತುಕೊಳ್ಳುವುದು, ಸ್ತ್ರೀಧನ ಕೊಡದಿರುವುದು ಸಹ ಅದರಲ್ಲಿ ದೌರ್ಜನ್ಯ. ಸ್ತ್ರೀಧನ ಹೆಣ್ಣಿನದೇ, ಗಂಡನ ಮನೆಯಲ್ಲಿ ಅದು ಬರಿ ನಂಬಿಕೆಯ ಮೇಲೆ ಇಟ್ಟದ್ದು ಎಂದು ಸುಪ್ರೀಂ ಕೋರ್ಟು 1985ರಲ್ಲೇ ಹೇಳಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಮಿನ ಪ್ರಕಾರ ಹಿಂದೂ ಹೆಣ್ಣು ತನ್ನ ಕೈಚಳಕದಿಂದ, ದುಡಿಮೆಯಿಂದ ಗಳಿಸಿದ್ದು ಅವಳ ಸಂಪೂರ್ಣ ಸ್ವತ್ತು. ವಕೀಲರಿಗೆ ದುಡ್ಡಿಲ್ಲ ಎನ್ನಬೇಡಿ. ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ. ತುರ್ತಿಗೆ 181, ಪೊಲೀಸರಿಗೆ 112.

ಕಾನೂನು ಕಾಗದದಲ್ಲಿದೆ, ಅದನ್ನು ಮನೆಗೆ ತರುವುದು ಸಂಘದ ಕೆಲಸ. ನಿಮ್ಮ ಸಂಘಗಳಲ್ಲಿ ಈ ತಿಂಗಳೇ ಚರ್ಚಿಸಿ ಎಂದು ಐದು ಮಾತು ಮುಂದಿಡುತ್ತೇನೆ.

ಒಂದು, ದುಡಿದವಳ ಪಾಲು ದುಡಿದವಳ ಸ್ವಂತ ಖಾತೆಗೇ ಹೋಗಬೇಕು. ಅಂಗಡಿ ಮುಂದೆ ಅಂಟಿಸುವ ಕ್ಯೂಆರ್ ಚೀಟಿ ಯಾರ ಫೋನಿಗೆ, ಯಾರ ಖಾತೆಗೆ ಸೇರಿದೆ ನೋಡಿ. ಎಷ್ಟೋ ಕಡೆ ಅದು ಗಂಡನದೋ ಮಗನದೋ ಆಗಿರುತ್ತದೆ. ಮಡಕೆ ಮಾರಿದ್ದೇ ಗೊತ್ತು, ದುಡ್ಡು ಬಂದದ್ದು ಗೊತ್ತಿಲ್ಲ.

ಎರಡು, ತಿಗರಿ ಯಾರ ಹೆಸರಲ್ಲಿ? 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ಕುಂಬಾರಿಕೆಯೂ ಸೇರಿದೆ. ಸಲಕರಣೆಗೆ 15,000, ಮೊದಲ ಕಂತಿನ ಸಾಲ ಒಂದು ಲಕ್ಷದವರೆಗೆ. ಆದರೆ ಒಂದು ಕುಟುಂಬಕ್ಕೆ ಒಬ್ಬರೇ. ಅರ್ಜಿಯಲ್ಲಿ ಗಂಡನ ಹೆಸರು ಬಿತ್ತೆಂದರೆ ಹೆಂಡತಿಗೆ ಬಾಗಿಲು ಮುಚ್ಚಿತು. ಯಾರ ಹೆಸರೆಂದು ಮೊದಲೇ ಕೂತು ಮಾತಾಡಿ.

ಮೂರು, ವರದಕ್ಷಿಣೆಗೆ, ವರದಕ್ಷಿಣೆಯ ಬದಲಿಗೆ ಬರುವ ಬೈಕು ಬಂಗಾರಕ್ಕೆ ಸಂಘದ ಸಾಲ ಇಲ್ಲ. ಇದು ಠರಾವಿನ ಪುಸ್ತಕದಲ್ಲಿ ಬರಹದಲ್ಲಿ ಇರಲಿ. ಹಾಗಿದ್ದರೆ ಯಾವ ಸದಸ್ಯೆಯೂ ಮನೆಯಲ್ಲಿ ಒಬ್ಬಳೇ ನಿಂತು ಇಲ್ಲ ಎನ್ನಬೇಕಾಗಿಲ್ಲ.

ನಾಲ್ಕು, ಕೆಲಸಕ್ಕೆ ಬಾರದವಳನ್ನು ವಿಚಾರಿಸಿ. ಎರಡು ದಿನ ಶೆಡ್ಡಿಗೆ ಬರಲಿಲ್ಲ ಎಂದರೆ ಮನೆಗೆ ಹೋಗಿ ಬನ್ನಿ. ಜ್ವರವಿರಬಹುದು, ಬಾಸುಂಡೆಯೂ ಇರಬಹುದು.

ಐದು, ಹೆಣ್ಣುಮಕ್ಕಳಿಗೆ ತಿಗರಿ ಕಲಿಸಿ, ಲೆಕ್ಕವನ್ನೂ ಕಲಿಸಿ. ನನ್ನ ಕೂಲಿ ಎಷ್ಟು ಎಂದು ಬರೆಯಲು ಬಂದ ಹುಡುಗಿಯನ್ನು ಹೊರೆ ಎಂದು ಒಪ್ಪಿಸುವುದು ಕಷ್ಟ.

ನೂರು ರೂಪಾಯಿಯ ಮಡಕೆಯನ್ನು ಅರವತ್ತಕ್ಕೆ ಕೇಳುವವರು ಸಂತೆಯಲ್ಲಿ ಸಿಗುತ್ತಾರೆ, ಮನೆಯಲ್ಲೂ ಸಿಗುತ್ತಾರೆ. ಇಬ್ಬರಿಗೂ ಒಂದೇ ಉತ್ತರ ಹೇಳೋಣ, ಒಟ್ಟಾಗಿ ಹೇಳೋಣ.