ಕೃಷಿ ಹೊಂಡದ ಘನಫಲ



ಗೋಡೆ ನೆಟ್ಟಗಿರುವ ಬಾವಿಯ ಘನಫಲ ತೆಗೆಯುವುದು ಸುಲಭ: ತಳದ ಕ್ಷೇತ್ರಫಲವನ್ನು ಆಳದಿಂದ ಗುಣಿಸಿದರೆ ಮುಗಿಯಿತು. ಯಾವ ನೇರ ಪಟ್ಟಕಕ್ಕೂ ಇದೇ ಸೂತ್ರ. ತೊಡಕಿರುವುದು ಅಥಣಿ, ಕಾಗವಾಡಗಳ ಎರೆ ಹೊಲದಲ್ಲಿ ತೋಡುವ ಕೃಷಿ ಹೊಂಡದಲ್ಲಿ. ಎರೆ ಮಣ್ಣು ಕುಸಿಯುತ್ತದೆಂದು ಅದರ ಬದಿಗಳನ್ನು ಇಳಿಜಾರು ಬಿಡುತ್ತೇವೆ. ಬಾಯಿ ದೊಡ್ಡದಾಗುತ್ತದೆ, ತಳ ಚಿಕ್ಕದಾಗುತ್ತದೆ. ಬಾಯಿ 12 ಮೀಟರ್ ಚೌಕ, ತಳ 6 ಮೀಟರ್ ಚೌಕ, ಆಳ 3 ಮೀಟರ್ ಎನ್ನೋಣ. ಅಗಲಗಳ ಸರಾಸರಿ 9 ಹಿಡಿದು ಲೆಕ್ಕ ಹಾಕಿದರೆ 243 ಘನ ಮೀಟರ್. ಎರಡು ಕ್ಷೇತ್ರಫಲಗಳ ಸರಾಸರಿ ಹಿಡಿದರೆ 270. ಹೊಂಡ ಒಂದೇ, ಉತ್ತರ ಎರಡು. ನಡುವಿನ ಅಂತರ 27 ಘನ ಮೀಟರ್. ನಮ್ಮ ಕಡೆಯ ಮಾತಿನಲ್ಲಿ ಒಂಬತ್ತೂವರೆ ಬ್ರಾಸ್ ಮಣ್ಣು. ಇವೆರಡರಲ್ಲಿ ಯಾವುದನ್ನು ಒಪ್ಪಬೇಕು? ಎರಡನ್ನೂ ಒಪ್ಪಬಾರದು ಎಂಬುದೇ ನನ್ನ ವಾದ.

ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಸುಮಾರು 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಅಗೆತದ ಲೆಕ್ಕಕ್ಕೇ ಒಂದು ಪ್ರಕರಣವನ್ನು ಮೀಸಲಿಟ್ಟ. ಮೊದಲ ಉತ್ತರವನ್ನು ಕರ್ಮಾಂತಿಕ, ಎರಡನೆಯದನ್ನು ಔಂಡ್ರ ಎಂದು ಕರೆದು, ಇವುಗಳ ಅಂತರದ ಮೂರನೆಯ ಒಂದು ಭಾಗವನ್ನು ಕರ್ಮಾಂತಿಕಕ್ಕೆ ಕೂಡಿದರೆ ಸೂಕ್ಷ್ಮಫಲ ಸಿಗುತ್ತದೆ ಎಂದ. 27ರ ಮೂರನೆಯ ಒಂದು ಭಾಗ 9, ಕೂಡಿದರೆ 252. ಇದೇ ನಿಯಮ 628ರ ಬ್ರಹ್ಮಗುಪ್ತನಲ್ಲೂ ಇದೆ. ಆದರೆ ಹಿರಿಯರು ಹೇಳಿದರೆಂದು ನಂಬಬೇಕಿಲ್ಲ, ಹೊಂಡವನ್ನೇ ಬಿಡಿಸಿ ನೋಡಬಹುದು. ನಡುವಿನ ಪಟ್ಟಕ 108, ನಾಲ್ಕು ಬದಿಯ ತ್ರಿಕೋನ ಪಟ್ಟಕಗಳು ಸೇರಿ 108; ಇಷ್ಟರಲ್ಲಿ ಯಾರದೂ ತಕರಾರಿಲ್ಲ. ಉಳಿದದ್ದು ನಾಲ್ಕು ಮೂಲೆಗಳ ಪಿರಮಿಡ್ಡುಗಳು. ಅವುಗಳಿಗೆ ಕರ್ಮಾಂತಿಕ 27 ಕೊಡುತ್ತದೆ, ಔಂಡ್ರ 54 ಕೊಡುತ್ತದೆ. ಪಿರಮಿಡ್ಡು ಅದೇ ತಳ, ಅದೇ ಎತ್ತರದ ಪಟ್ಟಕದ ಮೂರನೆಯ ಒಂದು ಭಾಗವಾದ್ದರಿಂದ ನಿಜವಾದದ್ದು 36.

ಟೇಪು ಹಿಡಿಯುವಾಗಲೇ ತಪ್ಪಾಗುತ್ತದೆ, ಮಣ್ಣಿನ ಬದಿ ಸಮವಾಗಿರುವುದಿಲ್ಲ, ಇಷ್ಟು ಸೂಕ್ಷ್ಮ ಯಾಕೆ ಎನ್ನಬಹುದು. ಟೇಪಿನ ತಪ್ಪು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಸೂತ್ರದ ತಪ್ಪು ಹಾಗಲ್ಲ: ಇಂಥ ಹೊಂಡಗಳಲ್ಲಿ ಕರ್ಮಾಂತಿಕ ಸದಾ ಅಗೆದವನಿಗೆ ಕಡಿಮೆ ಕೂಲಿ ಕೊಡುತ್ತದೆ, ಔಂಡ್ರ ಸದಾ ಕೊಡುವವನಿಂದ ಹೆಚ್ಚು ಕೀಳುತ್ತದೆ. ಒಂದೇ ಕಡೆ ವಾಲುವ ತಪ್ಪಿಗೆ ಅನ್ಯಾಯ ಎನ್ನದೆ ವಿಧಿಯಿಲ್ಲ. ಈಗ ಜೆಸಿಬಿಗೆ ಗಂಟೆಯ ಬಾಡಿಗೆ, ಘನಫಲ ಯಾರಿಗೆ ಬೇಕು ಎನ್ನುವವರೂ ಇದ್ದಾರೆ. ಬಾಡಿಗೆಗೆ ಬೇಡವಾದರೂ ನೀರಿಗೆ ಬೇಕು. ಇದೇ ಹೊಂಡದಲ್ಲಿ ನೀರು ಅರ್ಧ ಆಳಕ್ಕಿಳಿದಾಗ ಅರ್ಧ ನೀರು ಉಳಿದಿರುವುದಿಲ್ಲ, ಉಳಿದದ್ದು 85.5 ಘನ ಮೀಟರ್, ಸುಮಾರು ಮೂರರಲ್ಲೊಂದು ಪಾಲು ಮಾತ್ರ. ಅರ್ಧವಿದೆ ಎಂದು ನಂಬಿ ಪಂಪು ಹಚ್ಚಿದ ರೈತನ ಬೆಳೆ ಕೊನೆಯ ನೀರಿಗೆ ಮೊದಲೇ ಒಣಗುತ್ತದೆ.

ಕನ್ನಡದಲ್ಲಿ ‘ವ್ಯವಹಾರಗಣಿತ’ ಬರೆದ ಹನ್ನೆರಡನೆಯ ಶತಮಾನದ ರಾಜಾದಿತ್ಯನ ಊರು ಪೂವಿನಬಾಗೆ. ಅದು ನಮ್ಮ ರಾಯಬಾಗವೇ ಎನ್ನುವ ವಿದ್ವಾಂಸರಿದ್ದಾರೆ. ಲೆಕ್ಕವನ್ನು ಜನರ ಭಾಷೆಗೆ ತಂದ ಆ ಕೆಲಸ ಮುಂದುವರಿಯಬೇಕು. ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಈ ಐದೂ ತಾಲೂಕುಗಳ ಗಣಿತ ಶಿಕ್ಷಕರಲ್ಲಿ ನನ್ನ ವಿನಂತಿ ಇಷ್ಟೇ: ಘನಫಲದ ಪಾಠ ಬಂದಾಗ ಮಕ್ಕಳ ಕೈಗೆ ಟೇಪು ಕೊಟ್ಟು ಹತ್ತಿರದ ಹೊಂಡಕ್ಕೆ ಕರೆದೊಯ್ಯಿರಿ.