ದಾಸೋಹಕ್ಕೆ ಮೊದಲು ತಕ್ಕಡಿ

(ಸಂಕೇಶ್ವರದಲ್ಲಿ ನಡೆದ ಶರಣ ಗೋಷ್ಠಿಯಲ್ಲಿ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಆಡಿದ ಮಾತುಗಳ ಬರಹರೂಪ)



‘ಕಾಯಕ ಮತ್ತು ಲಾಭ’ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಕರೆದಾಗ ನಾನು ಮೊದಲು ಒಲ್ಲೆ ಎಂದೆ. ನಾನು ವಚನ ಸಾಹಿತ್ಯದ ಪಂಡಿತನಲ್ಲ. ಮೂವತ್ತು ವರ್ಷಗಳಿಂದ ಇದೇ ಊರಿನಲ್ಲಿ ಮೆಣಸಿನಕಾಯಿ ಕೊಂಡು ಮಾರುವವನು. ‘ನಿಮಗೆ ಗೊತ್ತಿದ್ದುದನ್ನೇ ಹೇಳಿ’ ಎಂದು ಪೂಜ್ಯರು ಅಪ್ಪಣೆ ಮಾಡಿದರು. ನನಗೆ ಗೊತ್ತಿರುವುದು ನನ್ನ ಅಂಗಡಿಯ ತಕ್ಕಡಿ. ಅದರ ವಿಷಯವನ್ನೇ ಹೇಳುತ್ತೇನೆ. ಅದರಲ್ಲಿ ನನ್ನ ತಪ್ಪೂ ಇದೆ.

ರೈತರು ಒಣ ಮೆಣಸಿನಕಾಯಿಯನ್ನು ಚೀಲ ತುಂಬಿ ಅಂಗಡಿಗೆ ತರುತ್ತಾರೆ. ತೂಗಿ, ಬರಿ ಚೀಲದ ತೂಕ ಕಳೆದ ಮೇಲೂ, ಚೀಲಕ್ಕೆ 2 ಕೆ.ಜಿ. ಮುರಿದುಕೊಂಡು ಲೆಕ್ಕ ಬರೆಯುವುದು ನಮ್ಮ ತಂದೆಯವರ ಕಾಲದಿಂದ ನಡೆದುಬಂದಿತ್ತು. ಮಣ್ಣು, ತೇವ, ಒಣಗಿದರೆ ಇಳಿಯುವ ತೂಕ ಎಂದು ಕಾರಣ ಹೇಳುತ್ತಿದ್ದೆವು. ಚೆನ್ನಾಗಿ ಒಣಗಿಸಿ ತಂದವನಿಗೂ ಅದೇ 2 ಕೆ.ಜಿ., ನೀರು ಸಿಂಪಡಿಸಿ ತಂದವನಿಗೂ ಅದೇ 2 ಕೆ.ಜಿ. ಇದಕ್ಕೆ ಕಾಯ್ದೆಯ ಒಪ್ಪಿಗೆ ಇರಲಿಲ್ಲ, ರೂಢಿಯ ಒಪ್ಪಿಗೆ ಇತ್ತು.

ಒಂದು ವರ್ಷ ಜಾತ್ರೆಯ ದಾಸೋಹಕ್ಕೆ ನಾನು ಅಕ್ಕಿ ಕೊಟ್ಟಿದ್ದೆ. ಮೈಕಿನಲ್ಲಿ ನನ್ನ ಹೆಸರು ಕೂಗಿದರು. ಮರುವಾರ ಪಕ್ಕದ ಹಳ್ಳಿಯ ಹಿರಿಯ ರೈತರೊಬ್ಬರು ಹನ್ನೊಂದು ಚೀಲ ತಂದರು. ನಾನು ಎಂದಿನಂತೆ 22 ಕೆ.ಜಿ. ಮುರಿದು ಚೀಟಿ ಕೊಟ್ಟೆ. ಅವರು ಚೀಟಿ ನೋಡಿ, ನಗುತ್ತಲೇ ಕೇಳಿದರು: ‘ಸಾವ್ಕಾರ್ರ, ಮಠದಾಗ ನಿಮ್ಮ ಹೆಸರು ಕೂಗಿದ್ರು, ಕೇಳಿ ಸಂತೋಷ ಆತ್ರಿ. ಆ ಅಕ್ಕಿ ಒಳಗ ನಮ್ಮ ಚೀಲದ್ದು ಎಷ್ಟೈತ್ರಿ?’

ನಾನೂ ನಕ್ಕು, ಚಹಾ ತರಿಸಿದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನವೇ ತಿದ್ದಿಕೊಂಡೆ ಎಂದು ಹೇಳಿದರೆ ನಿಮಗೆ ಚೆಂದ ಕಾಣಬಹುದು, ಆದರೆ ಅದು ನಿಜವಲ್ಲ. ಇನ್ನೂ ಎರಡು ಹಂಗಾಮು ಹಾಗೆಯೇ ಮುರಿದುಕೊಂಡೆ. ತಂದೆಯವರನ್ನು ಕೇಳಿದರೆ, ‘ಎಲ್ಲಾರೂ ಮುರಕೋತಾರಪಾ, ನಾವಷ್ಟ ಬಿಟ್ರ ಅಂಗಡಿ ನಡೀತೈತೇನು?’ ಎಂದರು. ಅವರು ಕೆಟ್ಟವರಲ್ಲ. ದಿನಾಲು ಇಷ್ಟಲಿಂಗ ಪೂಜೆ ತಪ್ಪಿಸಿದವರಲ್ಲ. ಪೂಜೆಯ ಮಣೆಯಿಂದ ಎದ್ದು ಗಾದಿಗೆ ಬಂದು ಕುಳಿತರೆ ಅದು ಬೇರೆ ಲೋಕ ಎಂದು ನಾವೆಲ್ಲ ತಿಳಿದುಕೊಂಡಿದ್ದೆವು. ಆ ಎರಡು ಲೋಕಗಳ ನಡುವಿನ ಗೋಡೆಯನ್ನು ಕೆಡವಲಿಕ್ಕೆ ಅಲ್ಲವೇ ಶರಣರು ಬಂದದ್ದು?

ಬಳ್ಳೇಶ ಮಲ್ಲಯ್ಯನ ಕಥೆ ನಿಮಗೆ ಗೊತ್ತು. ಆತ ವ್ಯಾಪಾರಿ. ಧಾನ್ಯ ಅಳೆಯುವ ಬಳ್ಳವನ್ನೇ ಲಿಂಗವೆಂದು ಪೂಜಿಸಿದ. ನಾವು ಇದನ್ನು ಪವಾಡವೆಂದು ಹೇಳಿ ಮುಗಿಸುತ್ತೇವೆ. ನನಗೆ ಅದು ಬೇರೆ ರೀತಿ ಕಾಣುತ್ತದೆ. ಬಳ್ಳವೇ ಲಿಂಗವಾದ ಮೇಲೆ ಅದರಲ್ಲಿ ಕಡಿಮೆ ಅಳೆಯಲು ಕೈ ಬರುವುದು ಹೇಗೆ?

ಹಾಗಾದರೆ ಲಾಭವೇ ತಪ್ಪೇ? ಯುವಕರು ಇದನ್ನು ಕೇಳುತ್ತಾರೆ. ಬಸವಣ್ಣನವರು ಬಿಜ್ಜಳನ ಭಂಡಾರದ ಹೊಣೆ ಹೊತ್ತವರು, ಹಣಕ್ಕೆ ಹೆದರಿ ಓಡಿದವರಲ್ಲ. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ತಾಯಿ ಅದನ್ನು ಮರಳಿ ಸುರಿದು ಬರಲು ಹೇಳಿದಳು. ಆಕೆ ಅಕ್ಕಿಯನ್ನು ಬೈಯಲಿಲ್ಲ, ಅಕ್ಕಿಯ ಜೊತೆ ಮನೆಗೆ ಬಂದ ಆಸೆಯನ್ನು ಗುರುತಿಸಿದಳು. ವ್ಯಾಪಾರಿಗೂ ದುಡಿಮೆ ಇದೆ. ಮಾಲು ಒಣಗಿಸಬೇಕು, ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ, ಹಮಾಲರಿಗೆ ಕೂಲಿ ಕೊಡಬೇಕು, ಬಾಡಿಗೆ, ಬಡ್ಡಿ ಕಟ್ಟಬೇಕು, ದರ ಬಿದ್ದರೆ ತಡೆದುಕೊಳ್ಳಬೇಕು. ಇದಕ್ಕೆ ಸಿಗುವ ಲಾಭ ಕಾಯಕದ ಫಲ. ಎದುರಿನವನ ಕಣ್ಣು ತಪ್ಪಿಸಿ, ಅವನ ಅಸಹಾಯಕತೆ ನೋಡಿ ತೆಗೆದುಕೊಂಡದ್ದು ಕಾಯಕದ ಫಲವಲ್ಲ. ನಾನು ಇಟ್ಟುಕೊಂಡ ಒರೆಗಲ್ಲು ಒಂದೇ: ಈ ರೂಪಾಯಿ ಯಾರಿಂದ ಬಂತೋ ಅವರ ಮುಂದೆ ನನ್ನ ವಹಿ ತೆರೆದು ತೋರಿಸಬಲ್ಲೆನೇ?

ಕಡೆಗೆ ಮುರಿದುಕೊಳ್ಳುವುದನ್ನು ಬಿಟ್ಟೆ. ಆಗ ಒಂದು ತೊಡಕು ಎದುರಾಯಿತು. ಉದಾಹರಣೆಗೆ, ಉಳಿದವರು ಕೆ.ಜಿ.ಗೆ 200 ರೂಪಾಯಿ ಎಂದು ಕೂಗುತ್ತಾರೆ, 40 ಕೆ.ಜಿ. ಚೀಲದಲ್ಲಿ 2 ಕೆ.ಜಿ. ಮುರಿದು 38ಕ್ಕೆ ಹಣ ಕೊಡುತ್ತಾರೆ. ರೈತನ ಕೈಗೆ 7600 ರೂಪಾಯಿ. ನಾನು 194 ಎಂದು ಹೇಳಿ ಪೂರ್ತಿ 40ಕ್ಕೆ ಕೊಟ್ಟರೆ 7760. ರೈತನಿಗೆ 160 ರೂಪಾಯಿ ಹೆಚ್ಚು. ಆದರೆ ಕಿವಿಗೆ ಬೀಳುವುದು 200 ಮತ್ತು 194 ಮಾತ್ರ. ಮೊದಲ ಹಂಗಾಮಿನಲ್ಲಿ ಅರ್ಧ ಗಿರಾಕಿಗಳು ಬೇರೆ ಅಂಗಡಿ ಹಿಡಿದರು. ಈ ಲೆಕ್ಕವನ್ನೇ ದೊಡ್ಡ ಅಕ್ಷರದಲ್ಲಿ ಹಲಗೆಯ ಮೇಲೆ ಬರೆದು ತೂಗುಹಾಕಿದೆ. ಮೂರನೇ ವರ್ಷಕ್ಕೆ ಹಲವರು ಮರಳಿ ಬಂದರು. ತೇವದ ಮಾಲಿಗೆ ಕಡಿಮೆ ದರ, ಒಣ ಮಾಲಿಗೆ ಹೆಚ್ಚು ದರ ಎಂದು ಎದುರಿಗೇ ಹೇಳತೊಡಗಿದ ಮೇಲೆ ಚೆನ್ನಾಗಿ ಒಣಗಿಸಿ ತರುವವರೂ ಹೆಚ್ಚಾದರು.

ಆದರೂ ಚೀಲಕ್ಕೆ ಮೊದಲು ಸಿಗುತ್ತಿದ್ದಷ್ಟು ಲಾಭ ನನಗೆ ಇವತ್ತಿಗೂ ಇಲ್ಲ. ಪ್ರಾಮಾಣಿಕನಾದರೆ ಲಾಭ ತಾನೇ ಬೆನ್ನು ಹತ್ತಿ ಬರುತ್ತದೆ ಎಂದು ಹೇಳಿದರೆ ನಿಮ್ಮ ಮುಂದೆ ಇನ್ನೊಂದು ಸುಳ್ಳು ತೂಕ ಇಟ್ಟಂತಾಗುತ್ತದೆ. ಮನೆ ನಡೆದಿದೆ, ಮಕ್ಕಳು ಓದಿದ್ದಾರೆ, ಸಾಲ ತೀರಿದೆ. ಮಾಡಬೇಕೆಂದಿದ್ದ ಎರಡನೇ ಗೋದಾಮು ಆಗಲಿಲ್ಲ. ಅಷ್ಟೇ.

ಇನ್ನೊಂದು ಮಾತು ನಮ್ಮ ಊರಿನ ಹೆಸರಿನದು. ಸಂಕೇಶ್ವರಿ ಮೆಣಸಿನಕಾಯಿ ಎಂದರೆ ಉದ್ದನೆಯದು, ತೆಳ್ಳನೆಯದು, ಖಾರವಾದದ್ದು. ಗಡಹಿಂಗ್ಲಜ, ಕೊಲ್ಲಾಪುರದ ಮನೆಗಳಲ್ಲಿ ಮಸಾಲೆಗೆ ಇದನ್ನೇ ಹೆಸರು ಹಿಡಿದು ಕೇಳುತ್ತಾರೆ. ನಮ್ಮ ಸೀಮೆಯ ಹೊಲಗಳಲ್ಲಿ ಕಬ್ಬು ಹಬ್ಬಿದಂತೆ ಜವಾರಿ ಬೀಜ ಹಾಕುವವರು ಕಡಿಮೆಯಾದರು, ಬೇಡಿಕೆ ಮಾತ್ರ ಉಳಿಯಿತು. ಆಗ ಬೇರೆ ಕಾಯಿ ಬೆರೆಸಿ ಅದೇ ಹೆಸರಿನಲ್ಲಿ ಮಾರುವ ಆಸೆ ಹುಟ್ಟುತ್ತದೆ. ಪುಡಿ ಮಾಡಿದರಂತೂ ಬಣ್ಣ ಬೆರೆಸುವ ಆಸೆ. 2005ರಲ್ಲಿ ಭಾರತದಿಂದ ಹೋದ ಮೆಣಸಿನಪುಡಿಯಲ್ಲಿ ಸುಡಾನ್ ಎಂಬ ನಿಷೇಧಿತ ಬಣ್ಣ ಸಿಕ್ಕು, ಬ್ರಿಟನ್ನಿನ ಅಂಗಡಿಗಳಿಂದ 400ಕ್ಕೂ ಹೆಚ್ಚು ಬಗೆಯ ಆಹಾರ ಪದಾರ್ಥಗಳನ್ನು ವಾಪಸು ತೆಗೆಸಿದರು. ಬೆರೆಸಿದವರು ಯಾರೋ ಕೆಲವರು. ಸಂಶಯ ಬಿದ್ದದ್ದು ಮಾತ್ರ ಬಿಸಿಲಿನಲ್ಲಿ ಕಾಯಿ ಒಣಗಿಸಿದ ಎಲ್ಲ ರೈತರ ಮಾಲಿನ ಮೇಲೆ. ಬೆರಕೆ ಇದ್ದರೆ ಬೆರಕೆ ಎಂದೇ ಚೀಟಿ ಹಚ್ಚಿ, ಅದಕ್ಕೆ ತಕ್ಕ ದರ ತೆಗೆದುಕೊಳ್ಳೋಣ. ಊರಿನ ಹೆಸರು ಯಾವ ಒಬ್ಬ ವ್ಯಾಪಾರಿಯ ಸ್ವತ್ತೂ ಅಲ್ಲ.

ಕೊನೆಗೆ, ದಾಸೋಹದ ಮಾತು. ತಪ್ಪು ದಾರಿಯಲ್ಲಿ ಬಂದದ್ದರಲ್ಲಿ ಒಂದು ಪಾಲನ್ನು ಮಠಕ್ಕೆ ಕೊಟ್ಟರೆ ಉಳಿದದ್ದು ಶುದ್ಧವಾಗುತ್ತದೆ ಎಂಬ ನಂಬಿಕೆ ನಮ್ಮೊಳಗೆ ಸದ್ದಿಲ್ಲದೆ ಬೆಳೆದಿದೆ. ಪಾಪಕ್ಕೆ ದಕ್ಷಿಣೆ ಕೊಟ್ಟು ಬಿಡುಗಡೆ ಪಡೆಯುವ ಪದ್ಧತಿಯನ್ನು ಶರಣರು ಒಪ್ಪಲಿಲ್ಲ. ಅದನ್ನೇ ನಾವು ದಾಸೋಹದ ಹೆಸರಿನಲ್ಲಿ ಮತ್ತೆ ಒಳಗೆ ತರಬಾರದು. ಪೂಜ್ಯರಲ್ಲಿ ಕೈ ಮುಗಿದು ಕೇಳುತ್ತೇನೆ: ದೊಡ್ಡ ಕಾಣಿಕೆ ತಂದ ವ್ಯಾಪಾರಿಗೆ ಹಾರ ಹಾಕುವ ಮೊದಲು, ‘ನಿನ್ನ ತಕ್ಕಡಿ ಹೇಗಿದೆ ಮಗಾ?’ ಎಂದು ಒಂದು ಮಾತು ಕೇಳಿ. ನನ್ನನ್ನು ಆಗ ಯಾರಾದರೂ ಹಾಗೆ ಕೇಳಿದ್ದರೆ ಆ ಎರಡು ಹಂಗಾಮು ಉಳಿಯುತ್ತಿದ್ದವು.

ಇಲ್ಲಿರುವ ವ್ಯಾಪಾರಿ ಬಂಧುಗಳಲ್ಲಿ ನನ್ನ ಬೇಡಿಕೆ ಇನ್ನೂ ಸಣ್ಣದು. ಮುಂದಿನ ಒಂದು ಹಂಗಾಮು, ಎಲ್ಲರೂ ಕೂಡಿ, ಚೀಲಕ್ಕೆ ಮುರಿಯುವುದನ್ನು ಬಿಡೋಣ. ಒಬ್ಬನೇ ಬಿಟ್ಟರೆ ಅವನಿಗೆ ಹಾನಿ, ಎಲ್ಲರೂ ಬಿಟ್ಟರೆ ಯಾರೂ ಯಾರಿಗೂ ಹಿಂದೆ ಬೀಳುವುದಿಲ್ಲ.

ಆ ಹಿರಿಯ ರೈತರು ಈಗಿಲ್ಲ. ಅವರ ಮಗ ಇಂದಿಗೂ ನಮ್ಮ ಅಂಗಡಿಗೆ ಮಾಲು ತರುತ್ತಾನೆ. ಚೀಟಿಯನ್ನು ಓದದೆ ಜೇಬಿಗೆ ಹಾಕಿಕೊಳ್ಳುತ್ತಾನೆ. ‘ಓದಪಾ’ ಎಂದು ನಾನೇ ಹೇಳುತ್ತೇನೆ. ನಂಬಿಕೆ ಇದ್ದ ಕಡೆಯೇ ಕೈ ಜಾರುವುದು ಸುಲಭ.