ಕಂಪ್ಯೂಟರ್ ಬಂದಾಯಿತು, ನೋಡಿಕೊಳ್ಳುವವರನ್ನು ನಾವೇ ತಯಾರು ಮಾಡೋಣ
(ಸಂಘದ ಬೆಳ್ಳಿ ಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘ ನಡೆದು ಬಂದ ದಾರಿಯನ್ನು ಹಿರಿಯರು ಹೇಳಿದ್ದಾರೆ. ನಾನು ಒಂದೇ ವಿಷಯ ಹೇಳಿ ಕೂತ್ಕೋತೀನಿ. ನಮ್ಮ ಕಚೇರಿಯ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿ ಸರಿಯಾಗಿ ಇಟ್ಟುಕೊಳ್ಳುವ ಕೆಲಸವನ್ನು ನಮ್ಮ ಸಿಬ್ಬಂದಿಗೇ ಕಲಿಸಬೇಕು.

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಮೊದಲ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲೊಂದನ್ನು ಕಟ್ಟಿದರು. ಆಗ ಲೆಕ್ಕದ ಪುಸ್ತಕ, ಮಸಿ, ಲೇಖನಿ ಇದ್ದರೆ ಸಾಕಿತ್ತು. ಈಗ ಹಾಗಲ್ಲ. 2022ರ ಜೂನ್ ತಿಂಗಳಲ್ಲಿ ಕೇಂದ್ರ ಸಚಿವ ಸಂಪುಟವು ಸುಮಾರು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಯಂತ್ರಕ್ಕೆ ಸರ್ಕಾರ ಹಣ ಕೊಡಬಹುದು. ದಿನಾ ಬೆಳಿಗ್ಗೆ ಅದರ ಮುಂದೆ ಕೂರುವವರು ಮಾತ್ರ ನಮ್ಮವರೇ.

ಕಳೆದ ಮುಂಗಾರಿನಲ್ಲಿ ನಡೆದದ್ದು ತಮಗೆಲ್ಲ ನೆನಪಿರಬೇಕು. ಹೊರಗಿನವರೊಬ್ಬರು ಬಂದು ಹೊಸ ಪ್ರಿಂಟರ್ ಕೂರಿಸಿ ಹೋದರು. ಮಾರನೇ ದಿನ ಕೌಂಟರಿನ ಕಂಪ್ಯೂಟರ್ ಒಮ್ಮೆ ಕೆಲಸ ಮಾಡುತ್ತೆ, ಒಮ್ಮೆ ನಿಲ್ಲುತ್ತೆ. ಬಿತ್ತನೆ ಬಿಟ್ಟು ಬಂದ ರೈತರು ಮಧ್ಯಾಹ್ನದವರೆಗೂ ಕಾದರು. ಕೊನೆಗೆ ತಿಳಿದದ್ದಿಷ್ಟು: ಪ್ರಿಂಟರಿಗೂ ಕೌಂಟರಿನ ಕಂಪ್ಯೂಟರಿಗೂ ಒಂದೇ ವಿಳಾಸ ಕೊಟ್ಟಿದ್ದರು. ಸರಿಪಡಿಸಲು ಐದು ನಿಮಿಷ ಹಿಡಿಯಿತು. ಸರಿಪಡಿಸುವವರು ಬರಲು ಅರ್ಧ ದಿನ ಹಿಡಿಯಿತು.

ಈ ವಿಳಾಸ ಅಂದರೆ ನಮ್ಮ ಜಮೀನಿನ ಸರ್ವೆ ನಂಬರ್ ಇದ್ದ ಹಾಗೆ. 192.168.1.10 ಎಂಬಂತೆ ನಾಲ್ಕು ಅಂಕಿಗಳು, ಒಂದೊಂದೂ 0ಯಿಂದ 255ರ ಒಳಗೆ. ಎರಡು ಹೊಲಕ್ಕೆ ಒಂದೇ ನಂಬರ್ ಬಿದ್ದರೆ ತಕರಾರು ತಪ್ಪಿದ್ದಲ್ಲ, ಇಲ್ಲೂ ಹಾಗೆಯೇ. ರೂಟರ್ ಎಂಬ ಪೆಟ್ಟಿಗೆ ನಮ್ಮ ಊರಬಾಗಿಲು. ಹೊರಗಿನ ವ್ಯವಹಾರವೆಲ್ಲ ಅದರ ಮೂಲಕವೇ. ಸಂತೆಗೆ ಬಂದವರಿಗೆ ಆ ದಿನದ ಮಟ್ಟಿಗೆ ಜಾಗ ತೋರಿಸಿದ ಹಾಗೆ ರೂಟರ್ ತಾನೇ ವಿಳಾಸ ಹಂಚುತ್ತದೆ. ಪ್ರಿಂಟರ್ ಮಾತ್ರ ಕಾಯಂ ಅಂಗಡಿ ಇದ್ದ ಹಾಗೆ. ಅದರ ಜಾಗ ಬದಲಾದರೆ ಹುಡುಕಿ ಹೋದವರು ಬರಿಗೈಲಿ ಬರ್ತಾರೆ. ಆದ್ದರಿಂದ ಅದಕ್ಕೊಂದು ವಿಳಾಸ ಗೊತ್ತು ಮಾಡಿ, ಆ ವಿಳಾಸ ಬೇರೆ ಯಾರಿಗೂ ಹೋಗದಂತೆ ರೂಟರಿನಲ್ಲಿ ಕಾಯ್ದಿರಿಸಬೇಕು.

ಹಾಗಾದರೆ ಏನೇನು ಕಲಿಸಬೇಕು? ಮೊದಲನೆಯದು, ಕೇಬಲ್ ಕೆಲಸ. ಎಂಟು ತಂತಿಗಳನ್ನು ಬಣ್ಣದ ಕ್ರಮ ತಪ್ಪದಂತೆ ಪಿನ್ನಿಗೆ ಹಾಕುವುದು. ಮಾಮೂಲಿ ತಾಮ್ರದ ಕೇಬಲ್ ಒಂದೇ ಎಳೆಯಲ್ಲಿ 100 ಮೀಟರ್ ದಾಟಬಾರದು. ಗೋದಾಮಿಗೆ ಸಂಪರ್ಕ ಕೊಡುವಾಗ ಇದು ಗೊತ್ತಿರಬೇಕು. ಎರಡನೆಯದು, ವಿಳಾಸ ಕೊಡುವುದು. ಮೂರನೆಯದು, ದೋಷ ಹುಡುಕುವ ಕ್ರಮ. ಗದ್ದೆಗೆ ನೀರು ಬರದಿದ್ದರೆ ನಾವು ಸೀದಾ ಕೆರೆ ತೂಬಿಗೆ ಓಡುವುದಿಲ್ಲ, ಮೊದಲು ನಮ್ಮ ಬದುವಿನ ಮಡೆ ನೋಡುತ್ತೇವೆ. ಹಾಗೇ ಮೊದಲು ದೀಪ ಉರೀತಿದೆಯಾ, ಕೇಬಲ್ ಬಿಗಿಯಾಗಿದೆಯಾ ನೋಡಬೇಕು. ಆಮೇಲೆ 'ಪಿಂಗ್' ಎಂಬ ಆಜ್ಞೆಯಿಂದ ರೂಟರ್ ಓಗೊಡುತ್ತಾ ಎಂದು ಕೇಳಬೇಕು. ಅದು ಓಗೊಟ್ಟು ಹೊರಗಿನದು ಓಗೊಡದಿದ್ದರೆ ಮಾತ್ರ ಇಂಟರ್‌ನೆಟ್‌ನವರಿಗೆ ಫೋನ್ ಮಾಡುವುದು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ, ಭದ್ರತೆ. ರೂಟರಿನ ಜೊತೆ ಬಂದ ಪಾಸ್‌ವರ್ಡನ್ನು ಅದೇ ದಿನ ಬದಲಿಸಬೇಕು. ಒಬ್ಬರ ಪಾಸ್‌ವರ್ಡಿನಲ್ಲಿ ಇನ್ನೊಬ್ಬರು ರಸೀದಿ ಹಾಕಕೂಡದು. ನಾಳೆ ಲೆಕ್ಕದಲ್ಲಿ ವ್ಯತ್ಯಾಸ ಬಂದರೆ ಯಾರನ್ನು ಕೇಳುವುದು? ನಿರಪರಾಧಿಯ ಮೇಲೆ ಅಪವಾದ ಬರುತ್ತದೆ. ನಮ್ಮ ಕಂಪ್ಯೂಟರಿನಲ್ಲಿರುವ ಕಡತಗಳ ಇನ್ನೊಂದು ಪ್ರತಿ ಕಚೇರಿಯ ಹೊರಗೂ ಇರಬೇಕು. ಆ ಪ್ರತಿ ತೆರೆಯುತ್ತದೋ ಇಲ್ಲವೋ ಎಂದು ಆಗಾಗ್ಗೆ ನೋಡುತ್ತಿರಬೇಕು.

"ಕಲಿಸಿದರೆ ಹುಡುಗರು ಬೆಂಗಳೂರಿಗೆ ಹೋಗ್ತಾರಪ್ಪ" ಎಂದು ಕೆಲವು ಹಿರಿಯರು ಅಂದರು. ಮಾತು ಸುಳ್ಳಲ್ಲ. ಅದಕ್ಕೇ ನಾನು ಹೇಳುವುದು, ಒಬ್ಬರಿಗಲ್ಲ, ಇಬ್ಬರಿಗೆ ಕಲಿಸೋಣ. ಅದರಲ್ಲಿ ಒಬ್ಬ ಹೆಣ್ಣುಮಗಳಿರಲಿ. ಯಾವ ಕೇಬಲ್ ಎಲ್ಲಿಂದ ಎಲ್ಲಿಗೆ, ಯಾವ ಯಂತ್ರಕ್ಕೆ ಯಾವ ವಿಳಾಸ ಎಂಬುದನ್ನು ಕನ್ನಡದಲ್ಲೇ ಒಂದು ಪುಸ್ತಕದಲ್ಲಿ ಬರೆದಿಡಲಿ. ಮುಖ್ಯ ಪಾಸ್‌ವರ್ಡ್ ಮೊಹರು ಹಾಕಿದ ಲಕೋಟೆಯಲ್ಲಿ ತಿಜೋರಿಯೊಳಗಿರಲಿ. ಆಗ ಯಾರೇ ಹೋದರೂ ವಿದ್ಯೆ ಸಂಘದಲ್ಲೇ ಉಳಿಯುತ್ತದೆ. ಯಾರಿಗೂ ಕಲಿಸದಿದ್ದರೆ ಬೀಗ ನಮ್ಮದು, ಕೀಲಿಕೈ ಬೇರೆಯವರದು ಎಂಬಂತಾಗುತ್ತದೆ.

ಇದಕ್ಕೆ ದೊಡ್ಡ ಡಿಗ್ರಿ ಬೇಕಿಲ್ಲ. ಹತ್ತನೇ ತರಗತಿ ಪಾಸಾದವರಿಗೆ ಐ.ಟಿ.ಐ.ಗಳಲ್ಲಿ ಒಂದು ವರ್ಷದ 'ಕೋಪಾ' ಎಂಬ ಕಂಪ್ಯೂಟರ್ ತರಬೇತಿ ಇದೆ, ಅದರಲ್ಲಿ ನೆಟ್‌ವರ್ಕ್ ಪಾಠವೂ ಸೇರಿದೆ. ನಮ್ಮ ಗುಮಾಸ್ತರಿಗೆ ಮೇಲೆ ಹೇಳಿದ ನಾಲ್ಕು ವಿಷಯಗಳಷ್ಟನ್ನೇ ಕಚೇರಿಯಲ್ಲೇ ಕೈಹಿಡಿದು ಕಲಿಸಿದರೂ ಆದೀತು.

ಸಾಲಗಾರನ ಕೈಹಿಡಿಯುವುದಕ್ಕೆ ಹುಟ್ಟಿದ ಸಂಘ ಸಣ್ಣ ರಿಪೇರಿಗೂ ಇನ್ನೊಬ್ಬರ ದಾರಿ ಕಾಯಬಾರದು. ಬರುವ ಸರ್ವ ಸದಸ್ಯರ ಸಭೆಯಲ್ಲಿ ಈ ತರಬೇತಿಗೆ ಹಣ ಮಂಜೂರು ಮಾಡುವ ಠರಾವು ಬರಲಿದೆ. ತಾವೆಲ್ಲರೂ ಕೈ ಎತ್ತಿ ಅಂಗೀಕರಿಸಬೇಕೆಂದು ವಿನಂತಿಸಿ ನನ್ನ ಮಾತು ಮುಗಿಸುತ್ತೇನೆ.

ಜೈ ಸಹಕಾರ, ಜೈ ಕರ್ನಾಟಕ.